ನಮ್ಮ ದಾರಿಗೆ ಮುಖ ತೊಳೆಸಿದ್ದು

ಕಿಟಕಿಯ ಪಕ್ಕ ಕುಳಿತಾಗ ಮೊಣಕೈಯನ್ನು ತಟ್ಟನೆ ಒಳಕ್ಕೆ ಎಳೆದುಕೊಳ್ಳುವ ಅಭ್ಯಾಸವೊಂದು ನನಗಿದೆ. ವಾಹನ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಹಾಸನಕ್ಕೆ ಹೋಗುವ ರೈಲಿನಲ್ಲೂ ಹೀಗೆಯೇ, ಗಾಜು ಏರಿಸಿಕೊಂಡ ಕಾರಿನಲ್ಲೂ ಹೀಗೆಯೇ. ಮೊನ್ನೆ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಒರಗಿದ್ದೆ. ಪಕ್ಕದ ಕಿಟಕಿಯ ಆಚೆ ಹೊಂಗೆಯ ಕೊಂಬೆಯೊಂದು ಗಾಳಿಗೆ ಅಲ್ಲಾಡಿತು. ನನ್ನ ಕೈ ತಾನಾಗಿ ಪಕ್ಕೆಗೆ ಅಂಟಿಕೊಂಡಿತು, ತಲೆ ತಗ್ಗಿತು. "ನಾನಿನ್ನೂ ಮುಟ್ಟೇ ಇಲ್ಲವಲ್ಲ ಮೇಡಂ" ಎಂದರು ವೈದ್ಯರು. ಇದು ಹಲ್ಲಿನ ಭಯವಲ್ಲ, ಯಸಳೂರಿನ ಬಸ್ಸಿನ ನೆನಪು ಎಂದು ವಿವರಿಸುವ ಅವಕಾಶ ಆಗ ನನ್ನ ಬಾಯಿಗೆ ಇರಲಿಲ್ಲ. ನಿಮಗಾದರೆ ವಿವರಿಸಬಹುದು. ನೀವು ಕೇಳುವವರು.

ಯಸಳೂರಿನಿಂದ ಹೆತ್ತೂರಿನ ಕಡೆಗೆ ಏರುವ ದಾರಿಗಳಲ್ಲಿ ನಮ್ಮೂರಿನದೂ ಒಂದು. ಒಂದು ಬಸ್ಸು ಹಿಡಿಸುವಷ್ಟೇ ಅದರ ಅಗಲ. ಎರಡೂ ಬದಿಗೆ ದರೆ. ಗುಡ್ಡವನ್ನು ಕಡಿದು ದಾರಿ ಮಾಡಿದಾಗ ಉಳಿಯುವ ಮಣ್ಣಿನ ಗೋಡೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಆ ಗೋಡೆಯ ತುಂಬ ಪಾಚಿ, ಜರೀಗಿಡ, ಹೆಸರು ಗೊತ್ತಿಲ್ಲದ ಸಣ್ಣ ನೇರಳೆ ಹೂವು. ಗೋಡೆಯ ಮೇಲೆ ಅತ್ತಿ, ಹಲಸು, ನಂದಿ ಮರಗಳು. ಈ ಬದಿಯ ಮರಗಳೂ ಆ ಬದಿಯ ಮರಗಳೂ ನಡುವೆ ದಾರಿಯೊಂದಿದೆ ಎಂಬುದನ್ನು ಲೆಕ್ಕಿಸದೆ ಮೇಲೆ ಕೈಕೈ ಹಿಡಿದುಕೊಂಡಿದ್ದವು. ಹೀಗಾಗಿ ಬಸ್ಸು ಅಲ್ಲಿ ಹೋಗುತ್ತಿರಲಿಲ್ಲ, ತೂರುತ್ತಿತ್ತು. ಕಂಡಕ್ಟರು ಮೊದಲ ತಿರುವಿನಲ್ಲಿಯೇ ಸಾರುತ್ತಿದ್ದ: "ಕೈ ಒಳಕ್ಕೆ ಇಟ್ಕಳ್ಳಿ, ತಲೆ ಒಳಕ್ಕೆ ಇಟ್ಕಳ್ಳಿ, ಆಮೇಕೆ ನನ್ನ ಬೈಬ್ಯಾಡಿ."

ಕೈಯನ್ನು ಒಳಗಿಟ್ಟವರಿಗೂ ದಾರಿ ಏನಾದರೊಂದನ್ನು ಕೊಡದೆ ಕಳಿಸುತ್ತಿರಲಿಲ್ಲ. ಹೂಮಳೆ ಬಿದ್ದು ವಾರ ಕಳೆದರೆ ಕಾಫಿ ಹೂವಿನ ಪರಿಮಳ ಟಿಕೆಟಿಲ್ಲದೆ ಹತ್ತಿ ಕೊನೆಯ ಸೀಟಿನವರೆಗೆ ನಿಂತುಕೊಳ್ಳುತ್ತಿತ್ತು. ಚಳಿಗಾಲದ ಬೆಳಗ್ಗೆ ಕೊಂಬೆಗಳು ಇಬ್ಬನಿಯನ್ನು ಕೊಡವುತ್ತಿದ್ದವು. ಹೊಸದಾಗಿ ವರ್ಗವಾಗಿ ಬಂದಿದ್ದ ಮೇಷ್ಟರೊಬ್ಬರ ತೊಡೆಯ ಮೇಲೆ ಒಮ್ಮೆ ಊಸರವಳ್ಳಿಯೊಂದು ಇಳಿದು, ಅವರ ಬಿಳಿ ಪ್ಯಾಂಟಿಗೆ ತಕ್ಕ ಬಣ್ಣವನ್ನು ಹುಡುಕುತ್ತ ಬಹಳ ಹೊತ್ತು ಯೋಚಿಸಿತು. ಮದುವೆಯ ದಿಬ್ಬಣದ ಮೇಲೆ ಕೆಂಜಿಗದ ಗೂಡೇ ಉದುರಿದ್ದನ್ನೂ ಕಂಡಿದ್ದೇನೆ. ವರನ ಸೋದರಮಾವ ಪೇಟ ಬಿಚ್ಚಿ ಕೊಡವುತ್ತ, "ಹೆಣ್ಣಿನ ಕಡೆಯೋರು ಸ್ವಾಗತನ ಇಲ್ಲಿಂದ್ಲೇ ಶುರು ಮಾಡ್ಬುಟ್ರಲ್ಲ ಮಾರಾಯ" ಎಂದದ್ದಕ್ಕೆ ಇಡೀ ಬಸ್ಸು ನಕ್ಕಿತ್ತು.

ತಿರುವುಗಳಿಗೆ ಹೆಸರುಗಳಿದ್ದವು. ಬಸ್ಸು ಏದುಸಿರು ಬಿಡುವುದು ಉಸ್ಸಪ್ಪನ ತಿರುವು. ಕಣ್ಣೊರೆಸೋ ತಿರುವು ಎಂಬುದೂ ಇತ್ತು. ಮದುವೆಯಾಗಿ ಹೊರಟ ಹೆಣ್ಣುಮಕ್ಕಳಿಗೆ ತವರಿನ ಹೆಂಚು ಅಲ್ಲಿಯವರೆಗೆ ಕಾಣುತ್ತದೆ, ಅಲ್ಲಿಯವರೆಗೆ ಅಳಬಹುದು. ತಿರುವು ದಾಟಿದ ಮೇಲೆ ಮೂಗು ಒರೆಸಿಕೊಂಡು, ನೀರು ಕೇಳಿ ಕುಡಿದು, ಗಂಡನ ಮನೆಯ ಮಾತು ಆಡಬೇಕು. ಇದನ್ನು ಯಾರೂ ವಿಧಿಸಿದ್ದಲ್ಲ. ದಾರಿಯೇ ಹೀಗೊಂದು ಅನುಕೂಲವನ್ನು ಮಾಡಿಕೊಟ್ಟಿತ್ತು. ಹೆಣ್ಣು ಅಳುತ್ತ ಹೋಗಬೇಕೆಂಬ ನಿರೀಕ್ಷೆಯನ್ನೇ ತಾತ್ವಿಕವಾಗಿ ವಿರೋಧಿಸುತ್ತಿದ್ದ ನಾನು, ನನ್ನ ಮದುವೆಯ ದಿನ ಜೀಪಿನಲ್ಲಿ ಪಕ್ಕದಲ್ಲಿದ್ದ ಹೊಸ ಗಂಡನಿಗೆ ಕಾಫಿ ತೋಟದ ನೆರಳು ಮರಗಳ ವೈವಿಧ್ಯದ ಬಗ್ಗೆ ಉಪನ್ಯಾಸ ಕೊಡುತ್ತ ಹೊರಟೆ. ಆ ತಿರುವು ಬಂದಾಗ ವಾಕ್ಯದ ಕರ್ತೃಪದ ಸಿಕ್ಕಿತು, ಕ್ರಿಯಾಪದ ಸಿಗಲಿಲ್ಲ. ಅವರು ಕರವಸ್ತ್ರವನ್ನು ಕೊಟ್ಟು ಆಚೆ ನೋಡಿದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ.

ನನ್ನ ಮಾತಿನ ರೀತಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು, ಏಕೆಂದರೆ ಮುಂದಿನದಕ್ಕೆಲ್ಲ ಅದೇ ಮೂಲ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರವೋ ವಿರೋಧವೋ, ಕೈಗೆ ಬಂದ ಪಕ್ಷವನ್ನು ಹೃದಯಪೂರ್ವಕವಾಗಿ ನಂಬಿ ಮಾತಾಡುತ್ತಿದ್ದೆ. ವೇದಿಕೆಗಳು ಹೋದವು, ವಾಕ್ಯಗಳು ಉಳಿದವು. ಈಗ ಆಲೂರಿನ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳುವುದಕ್ಕೂ "ಮೊದಲನೆಯದಾಗಿ" ಎಂದೇ ಆರಂಭಿಸುತ್ತೇನೆ. ನಮ್ಮವರು ಚಮಚದಿಂದ ಲೋಟಕ್ಕೆ ಒಮ್ಮೆ ಟಣ್ ಎನ್ನಿಸುತ್ತಾರೆ: ಅದು ಎಚ್ಚರಿಕೆಯ ಗಂಟೆ. ಎರಡನೆಯ ಸಲ ಟಣ್ ಎಂದರೆ ಸಮಯ ಮುಗಿಯಿತು. ತೀರ್ಪುಗಾರರು ಊಟಕ್ಕೆ ತೊಡಗುತ್ತಾರೆ.

ಕಾಲೇಜಿನಲ್ಲಿ ಪಾಠ ಹೇಳುವುದು ನನ್ನ ವೃತ್ತಿ. ಲೋಕವನ್ನು ತಿದ್ದುವುದು, ನಮ್ಮವರ ಪ್ರಕಾರ, ನನ್ನ ವ್ಯಸನ. ಹೋದ ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಊರಿಗೆ ಹೋದಾಗ ಮರಗಳಿಗೆ ನಂಬರು ಬಿದ್ದಿರುವುದನ್ನು ಕಂಡೆ. ಅತ್ತಿಗೆ, ಹಲಸಿಗೆ, ನಂದಿಗೆ, ತೊಗಟೆ ಹೆರೆದ ಜಾಗದಲ್ಲಿ ಕೆಂಪು ಬಣ್ಣದ ಅಂಕಿಗಳು. ರಸ್ತೆ ಅಗಲವಾಗಲಿದೆ, ದರೆಯನ್ನು ಎರಡೂ ಕಡೆ ಕಡಿಯಲಿದ್ದಾರೆ ಎಂದು ತಿಳಿಯಿತು. ಆ ಕೆಂಪು ಅಂಕಿಗಳ ನಡುವೆ ನಡೆದು ಹೋಗುವಾಗ, ಪರೀಕ್ಷೆಗೆ ಕುಳಿತಿದ್ದೇವೆಂಬುದೇ ಗೊತ್ತಿಲ್ಲದ ಮಕ್ಕಳ ನಡುವೆ ನಡೆದಂತಾಯಿತು.

ಅದೇ ದಿನಗಳಲ್ಲಿ, ಜಿಲ್ಲೆಯ ಕೆಲವು ದಾರಿಗಳನ್ನು ಅವುಗಳ ವಿಶೇಷ ಗುಣಕ್ಕಾಗಿ ಗುರುತಿಸಿ, ಇದ್ದ ಹಾಗೆಯೇ ಕಾಪಾಡಬಹುದೇ ಎಂಬ ಆಲೋಚನೆ ಕಚೇರಿಗಳಲ್ಲಿ ಓಡಾಡುತ್ತಿತ್ತು. ಕಚೇರಿಯಲ್ಲಿ ಆಲೋಚನೆಯೊಂದು ಓಡಾಡುತ್ತಿದೆ ಎಂದರೆ ಅದರ ಹಿಂದೆ ನಾನೂ ಓಡಾಡಬೇಕಲ್ಲವೆ? ಓಡಾಡಿದೆ. ಕೊನೆಗೆ ಸಮಿತಿಯೊಂದು ಬಂದು ನಮ್ಮ ದಾರಿಯನ್ನು ನೋಡಲು ಒಪ್ಪಿತು. ಅವರು ಯೋಗ್ಯವೆಂದರೆ ಮರಗಳು ಉಳಿಯುತ್ತವೆ. ಅಲ್ಲವೆಂದರೆ ಮಳೆಗಾಲ ಕಳೆದ ಮೇಲೆ ಗರಗಸ ಬರುತ್ತದೆ. ಆದರೆ ಊರಿನವರ ಒಪ್ಪಿಗೆಯಿಲ್ಲದೆ ಊರಿನ ದಾರಿಗೆ ಬಿರುದು ಕೊಡಿಸುವುದು ಪ್ರಜಾಪ್ರಭುತ್ವವಲ್ಲ ಎಂದು, ಮಹಿಳಾ ಸಂಘದ ಕಟ್ಟಡದಲ್ಲಿ ಒಂದು ಸಭೆ ಕರೆಸಿದೆ.

ಕರೆಸಿದ್ದು ನಾನಲ್ಲ, ಗೌರಕ್ಕ. ಗೌರಕ್ಕ ನನ್ನ ದೊಡ್ಡಪ್ಪನ ಮಗಳು, ಆ ಸಂಘದ ಅಧ್ಯಕ್ಷೆ. ದಾರಿಯ ಒಂದು ತಿರುವಿನಲ್ಲಿ ಹುಟ್ಟಿ, ಮದುವೆಯಾಗಿ ಇನ್ನೊಂದು ತಿರುವಿಗೆ ಬಂದವಳು. ಹಾಗಾಗಿ ಅಳುವುದಕ್ಕೆ ಅವಳಿಗೆ ಪ್ರತ್ಯೇಕ ಜಾಗ ಸಿಗಲಿಲ್ಲ. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಎರಡು ಹಸು, ದಾರಿಗೆ ತೆರೆದ ಅಂಗಳ. ನನಗಿಂತ ಬಹಳ ದೊಡ್ಡವಳು. ನನ್ನನ್ನು ಈಗಲೂ ಪುಟ್ಟಿ ಎನ್ನುತ್ತಾಳೆ, ನನ್ನ ವಿದ್ಯಾರ್ಥಿಗಳ ಎದುರಿಗೂ.

ಸಭೆಯಲ್ಲಿ ನಾನು ಮಾತಾಡಿದೆ. "ಕೆಲವು ದಾರಿಗಳು ನಮ್ಮನ್ನು ತಲುಪಿಸುತ್ತವೆ, ಕೆಲವು ನಮ್ಮನ್ನು ಕರೆದೊಯ್ಯುತ್ತವೆ" ಎಂಬ ವಾಕ್ಯವನ್ನು ವಾರವಿಡೀ ಮಸೆದು ತಂದಿದ್ದೆ. ಹೇಳಿ, ಚಪ್ಪಾಳೆಗೆ ಬೇಕಾಗುವಷ್ಟು ನಿಲ್ಲಿಸಿದೆ. ಪಿಕಪ್ ಓಡಿಸುವ ಮಂಜ ಎದ್ದ.

"ಮೇಡಂ, ಮಾತು ಬಲು ಚೆಂದ ಐತೆ. ಆದ್ರೆ ನಾನು ಮೆಣಸು ತುಂಬ್ಕಂಡು ಇಳಿತಾ ಇರ್ತೀನಿ, ಎದುರ್ಗೆ ಜಲ್ಲಿ ಲಾರಿ ಬತ್ತದೆ. ಅವಾಗ ಈ ದಾರಿ ನನ್ನನ್ನ ತಲುಪ್ಸೋದೂ ಇಲ್ಲ, ಕರ್ಕಂಡೂ ಹೋಗಲ್ಲ. ಬಂದಿದ್ದಷ್ಟೂ ಹಿಂದಕ್ಕೆ ಹೋಗ್ಬೇಕು."

"ಹಿಂದಕ್ಕೆ ಹೊಡಿಯಾಕೆ ಬರಾಕಿಲ್ಲ ಅಂತ ಹೇಳ್ಲಾ ಮಂಜ" ಎಂದಳು ಗೌರಕ್ಕ. "ನಿಮ್ಮಪ್ಪ ಎತ್ತಿನ ಗಾಡಿನೇ ಹಿಂದಕ್ಕೆ ತಗೀತಿದ್ದ."

"ನಿಮ್ ಕಾಲ್ದಾಗೆ ಎದುರ್ಗೆ ಬರ್ತಿದ್ದೂ ಎತ್ತೇ ಅಲ್ವಾ ಗೌರಕ್ಕ? ಎರಡೂ ಮಾತಾಡ್ಕಂಡು ಸರ್ಕತಿದ್ವು. ಲಾರಿಯೋನು ಮಾತಾಡ್ತಾನಾ?"

ಎಲ್ಲರೂ ನಕ್ಕರು. ನನ್ನಲ್ಲಿ ಪ್ರತಿವಾದ ಸಿದ್ಧವಿತ್ತು. ಆದರೆ ಆತ ಹೇಳಿದ್ದರಲ್ಲಿ ನ್ಯಾಯವಿತ್ತು. ಪ್ರತಿಪಕ್ಷದ ಮಾತಿನಲ್ಲಿ ನ್ಯಾಯ ಕಂಡಾಗ ಏನು ಮಾಡಬೇಕೆಂದು ಚರ್ಚಾಸ್ಪರ್ಧೆಯಲ್ಲಿ ಯಾರೂ ನಮಗೆ ಕಲಿಸಿರಲಿಲ್ಲ. ನಾನು ತಡವರಿಸುತ್ತಿರುವಾಗ ಗೌರಕ್ಕ ಸೆರಗು ಕೊಡವಿ ಎದ್ದಳು. "ದೊಡ್ಡೋರು ನೋಡಾಕೆ ಬತ್ತಾವ್ರೆ. ಬಂದು ನೋಡ್ಲಿ. ನೋಡಿದ್ರೆ ದಾರಿ ಏನ್ ಸವೀತದಾ?" ಸಭೆ ಅಲ್ಲಿಗೆ ಮುಗಿಯಿತು. ಹೊರಡುವಾಗ ನನ್ನ ಕೈ ಹಿಡಿದು, "ಯಾವತ್ತು ಬತ್ತಾರೆ ಅನ್ನೋದೊಂದು ಹೇಳು ಪುಟ್ಟಿ, ಮಿಕ್ಕಿದ್ದು ನಂಗೆ ಬುಡು" ಎಂದಳು. ಮಿಕ್ಕಿದ್ದು ಏನೆಂದು ನಾನು ಕೇಳಲಿಲ್ಲ. ಎಷ್ಟೋ ಪ್ರಶ್ನೆಗಳನ್ನು ಕೇಳಿ ಬಹುಮಾನ ಪಡೆದವಳು ಕೇಳಬೇಕಾದ ಒಂದನ್ನು ಕೇಳಲಿಲ್ಲ.

ನನ್ನ ದೊಡ್ಡಪ್ಪ, ಎಂದರೆ ಗೌರಕ್ಕನ ತಂದೆ, ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿಯಿಂದ ಹಿಡಿದು ಸ್ಟೋರಿನ ಬೀಗದವರೆಗೆ ಅವರದೇ ಉಸ್ತುವಾರಿ. ತೋಟದ ಸಾಹುಕಾರರು ವರ್ಷಕ್ಕೊಮ್ಮೆ ತಮ್ಮ ಊರಿನಿಂದ ಬರುತ್ತಿದ್ದರು. ಆ ಸುದ್ದಿ ಬಂತೆಂದರೆ ದೊಡ್ಡಪ್ಪ ಲೈನುಮನೆಗಳಲ್ಲಿದ್ದ ಆಳುಗಳನ್ನೆಲ್ಲ ಗೇಟಿನಿಂದ ಬಂಗಲೆಯವರೆಗಿನ ದಾರಿಗೆ ಹಾಕುತ್ತಿದ್ದರು. ದರೆಯನ್ನು ಗುದ್ದಲಿಯಿಂದ ನುಣ್ಣಗೆ ಕೆತ್ತಬೇಕು. ಒಂದು ಹುಲ್ಲಿನ ಎಸಳೂ ಕಾಣಬಾರದು. ಅಂಚಿನ ಕಲ್ಲುಗಳಿಗೆ ಸುಣ್ಣ, ಮರದ ಬುಡಕ್ಕೆ ಸುಣ್ಣ, ಸುಣ್ಣದ ಮೇಲೊಂದು ಕೆಮ್ಮಣ್ಣಿನ ಪಟ್ಟೆ. ಕಾರಿಗೆ ತಗಲುವ ಕೊಂಬೆಗಳಿಗೆ ಕತ್ತಿ. ಬರುವವರಿಗೆ ಮರ್ಯಾದೆ ತೋರಿಸುವುದೆಂದರೆ ಹೀಗೆ ಎಂದು ನೋಡಿಕೊಂಡು ಬೆಳೆದವಳು ಗೌರಕ್ಕ. ಅತಿಥಿ ಬರುವ ದಾರಿಯಲ್ಲಿ ಪಾಚಿ ಇದ್ದರೆ ಅದು ಮನೆಮಂದಿ ಮುಖ ತೊಳೆಸದೆ ಬಿಟ್ಟ ಮಗುವಿನ ಹಾಗೆ.

ನೀವು ಈಗಾಗಲೇ ಊಹಿಸಿದ್ದೀರಿ. ನಾನು ಊಹಿಸಿರಲಿಲ್ಲ.

ಮೇ ತಿಂಗಳ ಒಂದು ಬೆಳಗ್ಗೆ ಸಮಿತಿಯವರ ಜೀಪಿನಲ್ಲಿ ಯಸಳೂರಿನಿಂದ ಹೊರಟೆ. ಮೂವರಿದ್ದರು, ಮುಖ್ಯರಾದವರು ಒಬ್ಬ ಎಂಜಿನಿಯರು, ಮೆಲುದನಿಯ, ಕಡಿಮೆ ಮಾತಿನ ಮನುಷ್ಯ. ಅವರ ಪಾಲಿನ ಮಾತನ್ನೂ ನಾನೇ ಆಡಿದೆ. ಜರೀಗಿಡದ ಸುರುಳಿ ಬಿಚ್ಚಿಕೊಳ್ಳುವ ಬಗೆ, ಪಾಚಿಯ ಮೇಲೆ ನೀರು ಜಿನುಗುವ ಸದ್ದು, ಕೊಂಬೆಗೆ ಅಂಟಿ ಬೆಳೆಯುವ ಸೀತಾಳೆ ದಂಡೆ ಈ ತಿಂಗಳಲ್ಲೇ ಹೂಬಿಡುವುದು. "ಈಗ ನೋಡುವಿರಿ" ಎಂದೆ. ಜೀಪು ತಿರುಗಿತು.

ದಾರಿ ಮುಖ ತೊಳೆದುಕೊಂಡು ನಿಂತಿತ್ತು.

ಎರಡೂ ಬದಿಯ ದರೆ ಕೆಂಪಗೆ, ನುಣ್ಣಗೆ, ಆಗತಾನೆ ಮುಡಿ ಕೊಟ್ಟು ಬಂದವರ ತಲೆಯ ಹಾಗೆ ಹೊಳೆಯುತ್ತಿತ್ತು. ಒಂದು ಎಸಳು ಜರೀಗಿಡವಿಲ್ಲ. ಮರಗಳೆಲ್ಲ ಸೊಂಟದವರೆಗೆ ಸುಣ್ಣ ಬಳಿದುಕೊಂಡು, ಕೆಮ್ಮಣ್ಣಿನ ಪಟ್ಟೆ ಕಟ್ಟಿಕೊಂಡು, ಶಾಲೆಯ ಡ್ರಿಲ್ಲಿಗೆ ನಿಂತಂತಿದ್ದವು. ಜೀಪಿಗೆ ತಗಲಬಾರದೆಂದು ದಾರಿಯ ಮೇಲೆ ಚಾಚಿದ್ದ ಕೊಂಬೆಗಳನ್ನೆಲ್ಲ ಸವರಿದ್ದರು. ಕೈಕೈ ಹಿಡಿದಿದ್ದ ಮರಗಳು ಕೈಬಿಟ್ಟಿದ್ದವು. ನಡುವೆ ಆಕಾಶ ದೊಡ್ಡದಾಗಿ ಕಾಣುತ್ತಿತ್ತು. ಗೌರಕ್ಕನ ಮನೆಯ ಮುಂದೆ ಮಾವಿನೆಲೆಯ ತೋರಣ. ಅದರ ಕೆಳಗೆ ಸಂಘದ ಹೆಂಗಸರು ಹಬ್ಬದ ಸೀರೆಯುಟ್ಟು ನಿಂತಿದ್ದರು. ಅರಿಶಿನ ಕುಂಕುಮದ ತಟ್ಟೆ ಹಿಡಿದ ಗೌರಕ್ಕನ ಅಂಗೈಯಲ್ಲಿ ಗುದ್ದಲಿಯ ಬೊಬ್ಬೆಗಳು.

"ಹೆಂಗೈತೆ ಪುಟ್ಟಿ?" ಎಂದು ಕಿವಿಯಲ್ಲಿ ಕೇಳಿದಳು. "ವಾರದಿಂದ ಹಿಡಿದೀವಿ. ನಿನ್ನ ಮರ್ವಾದಿ ಪ್ರಶ್ನೆ ಅಂತವ ಮಂಜನ ಹೆಂಡ್ತಿನೂ ಬಂದಿದ್ಲು."

ವಾದಕ್ಕೆ ನಿಂತಾಗ ಎಂದೂ ಶಬ್ದಗಳ ಕೊರತೆಯನ್ನು ಕಾಣದ ನಾನು ಆ ಕೈಗಳನ್ನು ನೋಡಿದೆ. "ಚೆನ್ನಾಗಿದೆ ಅಕ್ಕ" ಎಂದೆ. ಅದು ಸುಳ್ಳಾಗಿರಲಿಲ್ಲ. ಅಷ್ಟು ಪ್ರೀತಿಯಿಂದ ಯಾರೂ ಯಾವುದನ್ನೂ ಹಾಳು ಮಾಡಿರಲಾರರು.

ಎಂಜಿನಿಯರು ದರೆಯ ಹತ್ತಿರ ಹೋಗಿ ಬೆರಳಿನಿಂದ ಒತ್ತಿದರು. ಮಣ್ಣು ಹಿಟ್ಟಿನಂತೆ ಉದುರಿತು. ಅವರು ತಪ್ಪು ಹುಡುಕುವ ಧ್ವನಿಯಲ್ಲೇನೂ ಹೇಳಲಿಲ್ಲ, ಇದ್ದದ್ದನ್ನು ಹೇಳಿದರು. "ಇದು ಬರೀ ಮಣ್ಣು ಮೇಡಂ. ಹಿಡಿದುಕೊಳ್ಳೋದಕ್ಕೆ ಏನೂ ಇಲ್ಲ. ಜೋರು ಮಳೆ ಬಂದರೆ ದಾರಿ ಮೇಲೇ ಬರುತ್ತೆ. ಇಂಥ ಕಡೆ ದರೆ ಕಡಿದು ಅಗಲ ಮಾಡೋದೇ ಕ್ಷೇಮ ಅಂತ ನಾನೇ ಬರೀಬೇಕಾಗುತ್ತೆ."

ಮೊನ್ನೆಯವರೆಗೂ ಹಾಗಿರಲಿಲ್ಲ ಎಂದು ನಾನು ಹೇಳಬೇಕಿತ್ತು. ಹೇಳಿದರೆ ತಟ್ಟೆ ಹಿಡಿದು ನಿಂತವರ ಎದುರು ಹೇಳಬೇಕು. ಅವರು ನನ್ನ ಮುಖವನ್ನೂ, ಆಮೇಲೆ ಸುಣ್ಣದ ಮರಗಳನ್ನೂ ನೋಡಿದರು. ಏನು ಅರ್ಥವಾಯಿತೋ, "ಮಳೆಗಾಲ ಹೋಗಲಿ, ಇನ್ನೊಂದು ಸಲ ಬರ್ತೀನಿ. ದರೆ ನಿಂತಿದ್ದರೆ ಮಾತಾಡೋಣ" ಎಂದು ಜೀಪು ಹತ್ತಿದರು.

ಗೌರಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ಜಗಲಿಯ ಮೇಲಿಟ್ಟು ಕೆಂಪು ದರೆಯನ್ನು ನೋಡುತ್ತ ನಿಂತಳು. "ನೀನು ಅವತ್ತು ಹೇಳ್ತಿದ್ಯಲ್ಲ, ವಿಶೇಷ ವಿಶೇಷ ಅಂತವ" ಎಂದಳು. "ಅದು ಇದೇನಾ? ಆ ಸೊಪ್ಪುಸದೇನಾ?"

"ಹೂಂ ಅಕ್ಕ."

"ಸೊಪ್ಪುಸದೆನ ನೋಡಾಕೆ ಜೀಪು ಮಾಡ್ಕಂಡು ಬತ್ತಾರೆ ಅಂತ ಯಾರಿಗೆ ಗೊತ್ತೇ ತಾಯಿ?"

ನನ್ನ ಭಾಷಣದಲ್ಲಿ ಪರಂಪರೆ ಇತ್ತು, ಪರಿಸರ ಇತ್ತು, ಸೌಂದರ್ಯಪ್ರಜ್ಞೆ ಎಂಬುದೂ ಇತ್ತು. ದರೆಯ ಮೇಲಿನ ಸೊಪ್ಪನ್ನು ಹಾಗೇ ಬಿಡಿ ಎಂಬ ಒಂದು ಮಾತು ಮಾತ್ರ ಇರಲಿಲ್ಲ.

ಕೆಲವು ದಿನ ಅವಳ ಫೋನು ಬರಲಿಲ್ಲ. ಆಲೂರಿನಲ್ಲಿ ನಾನು ಮುಗಿಲನ್ನು ನೋಡುತ್ತ ಕುಳಿತೆ. ನಮ್ಮ ಪಕ್ಕದ ಕೆ. ಹೊಸಕೋಟೆಯ ಕಡೆಯ ರೈತರು ಬಿತ್ತನೆಗೆ ಮಳೆ ಬರಲೆಂದು ಕಾಯುತ್ತಿದ್ದ ಕಾಲ. ಹಾಗಾಗಿ ಬಾರದಿರಲಿ ಎಂದು ಬೇಡಿಕೊಳ್ಳುವುದಕ್ಕೂ ನನಗೆ ನೈತಿಕ ಅಧಿಕಾರವಿರಲಿಲ್ಲ. ನಮ್ಮವರಿಗೆ ಇದನ್ನು ಹೇಳಿದೆ. ಅವರು ಲೋಟ ಬಾರಿಸಲಿಲ್ಲ. ಸುಮ್ಮನೆ ಇನ್ನೊಂದು ಲೋಟ ಕಾಫಿ ಬಗ್ಗಿಸಿದರು.

ಆಮೇಲೆ ಒಂದು ಬೆಳಗ್ಗೆ ಗೌರಕ್ಕನೇ ಫೋನು ಮಾಡಿದಳು. "ಪುಟ್ಟಿ, ಮಳೆಗಾಲಕ್ಕೆ ಮಣ್ಣಿನ ಗೋಡೆಗೆ ಹುಲ್ಲಿನ ತಟ್ಟಿ ಕಟ್ಟಲ್ವಾ, ಇರಚಲು ಹೊಡಿಬಾರ್ದು ಅಂತ? ದರೆಗೂ ಕಟ್ಬುಡಾನ. ನಾವೇ ಬಿಚ್ಚಿದ್ದು, ನಾವೇ ಉಡಿಸ್ತೀವಿ. ಭಾನುವಾರ ಬಾ. ಹಳೇ ಸೀರೆ ಉಟ್ಕಂಡು ಬಾ, ಭಾಷಣದ್ದು ಬ್ಯಾಡ."

ಹೋದೆ. ಮನೆಮನೆಯಿಂದ ಭತ್ತದ ಹುಲ್ಲು ಬಂದಿತ್ತು. ದೂರದ ಕಣಗಳಿಂದ ಹುಲ್ಲನ್ನು ತಂದದ್ದು ಮಂಜನ ಪಿಕಪ್. ಅವನು ಹುಲ್ಲು ಇಳಿಸುತ್ತ ಗೊಣಗುತ್ತಿದ್ದ. "ಅಗಲ ಆಗ್ಲಿ ಅಂದೋನು ನಾನು. ನನ್ನ ಗಾಡಿಲೇ ಹುಲ್ಲು ತರಿಸ್ತೀರಲ್ಲ, ಇದ್ಯಾವ ನ್ಯಾಯ?"

"ದರೆ ಬಿದ್ರೆ ಮೊದ್ಲು ಬೀಳೋದು ನಿನ್ನ ಗಾಡಿ ಮೇಲೇ ಕಣ್ಲಾ" ಎಂದಳು ಗೌರಕ್ಕ. "ಹಿಂದಕ್ಕೆ ಹೊಡಿಯಾಕೂ ಬರಲ್ಲ ನಿಂಗೆ."

"ಇನ್ನೂ ಅದ್ನ ಬುಟ್ಟಿಲ್ಲ ನೀನು."

ಬಿದಿರಿನ ದಬ್ಬೆಗಳನ್ನು ಅಡ್ಡ ಇಟ್ಟು, ಹುಲ್ಲನ್ನು ಹಾಸಿ, ಗೂಟ ಹೊಡೆದು ಬಿಗಿಯಬೇಕು. ಹುಲ್ಲಿನ ಕೆಳಗೆ, ಕೆತ್ತಿ ತೋಟದ ಅಂಚಿಗೆ ಎಸೆದಿದ್ದ ಜರೀಗಿಡದ ಗಡ್ಡೆಗಳನ್ನೇ ಆರಿಸಿ ತಂದು ಮಣ್ಣಿಗೆ ಒತ್ತಿದೆವು. ಬಾಡಿದ್ದವು, ಆದರೂ ಒತ್ತಿದೆವು. ನನ್ನ ಗೂಟಗಳು ನೆಟ್ಟಗೆ ನಿಲ್ಲಲಿಲ್ಲ. ಮಂಜನ ಹೆಂಡತಿ ಹಿಂದಿನಿಂದ ಬಂದು ಒಂದೊಂದನ್ನೇ ಮತ್ತೆ ಹೊಡೆಯುತ್ತಿದ್ದಳು. ಅದು ನನಗೆ ಕಾಣುತ್ತಿಲ್ಲವೆಂದು ಅವಳು ತಿಳಿದಿದ್ದಳು, ಕಂಡಿಲ್ಲವೆಂದು ನಾನು ನಟಿಸಿದೆ. ಸಂಜೆಯ ಹೊತ್ತಿಗೆ ದರೆ ಹುಲ್ಲಿನ ಕಂಬಳಿ ಹೊದ್ದು ಕುಳಿತಿತ್ತು. ಅದನ್ನು ಯಾವ ಸಮಿತಿಯೂ ಸುಂದರವೆಂದು ಬರೆಯಲಾರದು. ನನಗಂತೂ ಕಣ್ಣು ತುಂಬಿತು. ಈ ಸಲ ಕಣ್ಣೊರೆಸೋ ತಿರುವು ಬೇರೆಯಾಗಿತ್ತು, ಅಷ್ಟೆ.

ಮಳೆ ಹಿಡಿಯಿತು. ಹೆತ್ತೂರಿನ ಕಡೆ ಮಳೆ ಹಿಡಿಯಿತೆಂದರೆ ಬಿಡುವುದನ್ನು ಮರೆಯಿತೆಂದೇ ಅರ್ಥ. ದಿನವೂ ಬೆಳಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಗೌರಕ್ಕನಿಗೆ ಫೋನು ಮಾಡುತ್ತಿದ್ದೆ. "ದರೆ ಹೇಗಿದೆ ಅಕ್ಕ?" ಎಂದರೆ, ಮನೆಯಲ್ಲಿ ಹುಷಾರಿಲ್ಲದೆ ಮಲಗಿದವರ ಸುದ್ದಿ ಹೇಳುವಂತೆ ಹೇಳುತ್ತಿದ್ದಳು. "ವಸಿ ಪರವಾಗಿಲ್ಲ." ಇನ್ನೊಂದು ದಿನ, "ಹಳ್ಳದ ಕಡೆ ಒಂದು ಬುಟ್ಟಿ ಮಣ್ಣು ಇಳೀತು. ಮಂಜ ಮತ್ತೆ ಹುಲ್ಲು ಕಟ್ಟವ್ನೆ." "ಮಂಜನಾ?" "ಅವ್ನೇ. ನಾನು ಹೇಳಿರ್ನಿಲ್ಲ. ಅತ್ತಿ ಮರದ ಬೇರು ಕಾಣ್ತು ಅಂತ ಓಡಿ ಬಂದ." ಒಂದು ದಿನ ಫೋನು ಸಿಗಲಿಲ್ಲ. ಮಾರನೆಯ ದಿನವೂ ಇಲ್ಲ. ನಾನು ಪಾಠದ ನಡುವೆ ಎರಡು ಸಲ ಕಿಟಕಿಯ ಹತ್ತಿರ ಹೋಗಿ ನಿಂತೆನಂತೆ. ಹುಡುಗಿಯರು ಆಮೇಲೆ ಹೇಳಿದರು. ಮೂರನೆಯ ದಿನ ಅವಳೇ ಮಾತಾಡಿದಳು. "ಕರೆಂಟ್ ಇರ್ನಿಲ್ಲ ಕಣೇ. ದರೆ ನಿಂತೈತೆ. ನೀನು ಉಂಡ್ಯಾ?"

ದರೆ ನಿಂತಿತು. ಮಳೆ ಹಿಂದೆ ಸರಿದ ಮೇಲೆ ಹೋಗಿ ನೋಡಿದೆ. ಹುಲ್ಲು ಕರಗಿ ಕಪ್ಪಗಾಗಿತ್ತು. ಅದರ ತೂತುಗಳಿಂದ ಜರೀಗಿಡ ತಲೆ ಹಾಕಿತ್ತು, ಮಗುವಿನ ಮುಷ್ಟಿಯಂಥ ಸುರುಳಿಗಳು, ಎಲ್ಲೆಲ್ಲೂ. ಮರದ ಬುಡದ ಸುಣ್ಣ ತೊಳೆದುಹೋಗಿ, ಹಾಲು ಕುಡಿದ ಮೇಲೆ ತುಟಿಯ ಮೇಲೆ ಉಳಿಯುವಂಥ ಒಂದು ಗೆರೆ ಮಾತ್ರ ಉಳಿದಿತ್ತು. ಸವರಿದ ಕೊಂಬೆಗಳು ಪಕ್ಕಕ್ಕೆ ಚಿಗುರಿದ್ದವು. ಮೇಲೆ ಕೈ ಇನ್ನೂ ಕೂಡಿರಲಿಲ್ಲ. ಬೆರಳುಗಳು ಹತ್ತಿರ ಬಂದಿದ್ದವು.

ಎಂಜಿನಿಯರು ಬರುವ ದಿನ ಗೊತ್ತಾಯಿತು. ಗೌರಕ್ಕ ಆ ವಾರವೆಲ್ಲ ಚಡಪಡಿಸಿದಳು. "ಈ ಸರ್ತಿ ಏನು ಮಾಡಾನ ಪುಟ್ಟಿ?"

"ಏನೂ ಮಾಡೋದು ಬೇಡ ಅಕ್ಕ."

"ಏನೂ ಮಾಡ್ದೆ ಇರೋದು ಹೆಂಗೆ? ಬರೋರು ಮನೆಗೆ ಬರ್ತಾವ್ರೆ."

"ಇದ್ದ ಹಾಗೆ ಇರಲಿ."

"ನೀನು ಮಾತಾಡ್ದೆ ಇರ್ತೀಯಾ?" ಎಂದು ಕೇಳಿದಳು. ಅವಳು ಕುಟುಕುವುದಕ್ಕೆ ಕೇಳಿರಲಿಲ್ಲ. ತನ್ನ ಕಷ್ಟಕ್ಕೆ ಸಮನಾದ ಕಷ್ಟವೊಂದನ್ನು ಹುಡುಕುತ್ತಿದ್ದಳು. ನಾವು ಒಪ್ಪಂದ ಮಾಡಿಕೊಂಡೆವು. ಅವಳು ಒಂದು ಕಡ್ಡಿಯನ್ನೂ ಎತ್ತಬಾರದು, ನಾನು ಒಂದು ಮಾತನ್ನೂ ಎತ್ತಬಾರದು.

ಆ ಬೆಳಗ್ಗೆ ನಾನು ಗೌರಕ್ಕನ ಜಗಲಿಯಲ್ಲಿ ಅವಳ ಪಕ್ಕ ಕುಳಿತಿದ್ದೆ. ರಾತ್ರಿಯ ಗಾಳಿಗೆ ಹಲಸಿನ ಎಲೆಗಳು ಅವಳ ಅಂಗಳದ ತುಂಬ ಉದುರಿದ್ದವು. ದಾರಿಗೆ ಸಂಬಂಧಪಟ್ಟದ್ದೋ ಅಲ್ಲವೋ ಎಂಬ ಸಂಶಯದಿಂದ ಅವಳು ಅದನ್ನೂ ಗುಡಿಸಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಆ ಅಂಗಳ ಹೊತ್ತೇರುವವರೆಗೆ ಹಾಗೆ ಬಿದ್ದಿದ್ದು ಅದೇ ಮೊದಲು. ಮಂಜ ಪಿಕಪ್ಪನ್ನು ಎಲ್ಲೋ ನಿಲ್ಲಿಸಿ ಬಂದು ಕಟ್ಟೆಯ ಮೇಲೆ ಕುಳಿತು, ಅಂಗಳವನ್ನೊಮ್ಮೆ, ಗೌರಕ್ಕನನ್ನೊಮ್ಮೆ ನೋಡಿದ. "ಹುಷಾರಿಲ್ವಾ?" ಎಂದ.

"ಸುಮ್ಕೆ ಕುಂತ್ಕೊ" ಎಂದಳು.

ಜೀಪು ಕೆಳಗಿನ ತಿರುವಿನಲ್ಲಿಯೇ ನಿಂತಿತು. ಎಂಜಿನಿಯರು ಇಳಿದು ನಡೆದುಕೊಂಡು ಬರುತ್ತಿದ್ದರು. ಎಲ್ಲಿಂದಲೋ ನೀರು ಜಿನುಗುವ ಸದ್ದು. ಅವರು ದರೆಯ ಹತ್ತಿರ ನಿಂತು ಜರೀಗಿಡಗಳನ್ನು ಸರಿಸಿ ಬೆರಳಿನಿಂದ ಒತ್ತಿದರು. ಏನೂ ಉದುರಲಿಲ್ಲ. ಇನ್ನಷ್ಟು ಮುಂದೆ ಬಂದು ಮತ್ತೆ ಒತ್ತಿದರು. ಗೌರಕ್ಕ ನನ್ನ ಕೈ ಹಿಡಿದಳು. ಹೇಳಬೇಕಾದ ವಾಕ್ಯಗಳು ನನ್ನ ಗಂಟಲಲ್ಲಿ ಸಾಲುಗಟ್ಟಿ ನಿಂತಿದ್ದವು, ಮೊದಲನೆಯದಾಗಿ, ಎರಡನೆಯದಾಗಿ. ಅವಳ ಕೈಯ ಬಿಗಿತಕ್ಕೆ ಎಲ್ಲವೂ ಕುಳಿತುಕೊಂಡವು. ಅವಳ ಕಣ್ಣು ಅಂಗಳದ ಎಲೆಗಳ ಮೇಲಿತ್ತು. ನಾವಿಬ್ಬರೂ ನಮ್ಮ ನಮ್ಮ ಜೀವಮಾನದ ಅತ್ಯಂತ ಕಠಿಣವಾದ ಕೆಲಸದಲ್ಲಿ ತೊಡಗಿದ್ದೆವು.

"ಮೇಡಂ, ಇವತ್ತು ನೀವೇನೂ ಹೇಳೋದಿಲ್ಲ?" ಎಂದು ಎಂಜಿನಿಯರು ಅಂಗಳಕ್ಕೆ ಬಂದು ಕೇಳಿದರು.

ನಾನು ಇಲ್ಲವೆಂದು ತಲೆಯಾಡಿಸಿದೆ.

ಅವರು ಮರಗಳ ಕಡೆಗೆ ತಿರುಗಿದರು. ತುಂಬ ಹೊತ್ತು ನೋಡಿದರು. "ದರೆಗೆ ಕೈ ಹಾಕೋದು ಬೇಡ. ಮರಾನೂ ಇರಲಿ" ಎಂದರು. "ಹಾಗೇ ಬರೀತೀನಿ. ಎದುರುಬದುರು ಗಾಡಿ ಬಂದರೆ ಸರಿಯೋದಕ್ಕೆ ಮಾತ್ರ ಒಂದೆರಡು ಕಡೆ ಜಾಗ ಮಾಡಬೇಕು, ಮರ ಇಲ್ಲದ ಕಡೆ."

ಮಂಜ ಎದ್ದು ನಿಂತ. "ಉಸ್ಸಪ್ಪನ ತಿರುವಿನ ಮ್ಯಾಲೆ ಬರೀ ಕಲ್ಲು ಐತೆ ಸಾರ್. ಅಲ್ಲಿ ಒಂದು ಮಾಡ್ಕೊಟ್ರೆ ಸಾಕು. ಮಿಕ್ಕಿದ್ದು ನಾನು ಹಿಂದಕ್ಕೆ ಹೊಡ್ಕತೀನಿ." ಹೇಳಿ, ಗೌರಕ್ಕನ ಕಡೆಗೆ ನೋಡಿದ. ಅವಳು ಅವನನ್ನು ನೋಡಿದಳು, ಆ ದಿನ ಏನನ್ನೂ ಅನ್ನಲಿಲ್ಲ.

ನನಗೆ ಏನಾದರೂ ಹೇಳಬೇಕೆನ್ನಿಸಿತು. ಕೃತಜ್ಞತೆಗೆ ನನ್ನಲ್ಲಿ ಒಳ್ಳೆಯ ವಾಕ್ಯಗಳಿವೆ. ಅಷ್ಟರಲ್ಲಿ ಗೌರಕ್ಕ ನನ್ನ ಕೈಯನ್ನು ಬಿಟ್ಟು ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಗಲಿಯ ಅಂಚಿಗೆ ಬಂದಳು.

"ಸಾರ್, ನನ್ನ ಅಂಗಳ ನಿಮ್ಮ ದಾರಿಗೆ ಸೇರಲ್ಲ ಅಲ್ವಾ?"

"ಇಲ್ಲಮ್ಮ."

"ಹಂಗಾರೆ ವಸಿ ಕಾಲು ಎತ್ತಿ ನಿಂತ್ಕಳಿ" ಎಂದು ಮೂಲೆಯಲ್ಲಿದ್ದ ಪೊರಕೆಗೆ ಕೈ ಹಾಕಿದಳು.